ನಮ್ಮನೇಲೇ ಆಕಿದ್ದು

ಕಾಡುಗೋಡಿಯ ನಾಗಲಕ್ಷ್ಮಮ್ಮ ಸುಳ್ಳು ಹೇಳುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಓದುತ್ತಾ ಹೋದಂತೆ ನಿಮಗೆ ಬೇರೆ ಥರ ಅನ್ನಿಸಬಹುದು. ಬಾಯಿ ಜೋರು, ಒಪ್ಪೋಣ. ನಲ್ಲಿ ಸರಿಯಾಗಿ ನಿಲ್ಲಿಸದ ಬಾಡಿಗೆಯವರ ಜನ್ಮ ಜಾಲಾಡುತ್ತಾರೆ, ಅದೂ ನಿಜ. ಆದರೆ ಅವರ ನಿದ್ದೆಗೆಡಿಸಿದ್ದು ಸುಳ್ಳಲ್ಲ. ಅಕ್ಷರ ಅಕ್ಷರವೂ ನಿಜವಾಗಿದ್ದ ಒಂದು ಮಾತು.

ಹೊಸಕೋಟೆ ಕಡೆಯ ಹಳ್ಳಿಯಿಂದ ವೆಂಕಟೇಶಪ್ಪನವರ ಕೈ ಹಿಡಿದು ಬಂದಾಗ ಈ ಮನೆಯವರಿಗೆ ರಾಗಿ ಹೊಲವಿತ್ತು. ಪೈರು ನಾಟುವುದಿರಲಿ, ಕಳೆ ಕೀಳುವುದಿರಲಿ, ನಾಗಲಕ್ಷ್ಮಮ್ಮನವರ ಸಾಲು ಯಾವಾಗಲೂ ಉಳಿದವರಿಗಿಂತ ಮುಂದೆ. ಅತ್ತೆಯಂಥ ಅತ್ತೆಯೇ ಬದುವಿನ ಮೇಲೆ ನಿಂತು, "ನಮ್ಮ ನಾಗುದು ಕೈ ಅಂದ್ರೆ ಕೈ" ಅನ್ನುತ್ತಿದ್ದರು. ಆಮೇಲೆ ಹೊಲ ಲೇಔಟಾಯಿತು, ದನದ ಕೊಟ್ಟಿಗೆ ಇದ್ದಲ್ಲಿ ಮೂರು ಅಂತಸ್ತು ಎದ್ದು ಸಾಲಾಗಿ ಬಾಡಿಗೆ ರೂಮುಗಳಾದವು. ಅಂಥ ಕೈಗೆ ಉಳಿದ ಕೆಲಸವೆಂದರೆ ಬೆಳಿಗ್ಗೆ ಮೋಟರ್ ಹಾಕುವುದು, ಟ್ಯಾಂಕು ತುಂಬಿದ ಮೇಲೆ ಆರಿಸುವುದು. ವಾರಗಿತ್ತಿ ಸಿಕ್ಕಾಗಲೆಲ್ಲ "ನಿಂದು ಕೂತು ತಿನ್ನೋ ಯೋಗ ಕಣಕ್ಕ" ಅನ್ನುತ್ತಿದ್ದಳು. ನಾಗಲಕ್ಷ್ಮಮ್ಮ ನಗುತ್ತಿದ್ದರು, ಒಳಗೆ ಮಾತ್ರ ಚುರುಕ್ ಅನ್ನುತ್ತಿತ್ತು.

ಸೊಸೆ ಕೃಪಾ ಜಾಲಹಳ್ಳಿಯ ಕಡೆಯವಳು, ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ. ಮದುವೆಯಾದ ಮೇಲೆ ಅವಳ ಆಫೀಸಿಗೆ ಹತ್ತಿರವಾಗಲೆಂದು ಮಗ ಲೋಕೇಶ ಹೋಪ್ ಫಾರ್ಮ್ ಸರ್ಕಲ್ ಆಚೆ ಅಪಾರ್ಟ್‌ಮೆಂಟಿನಲ್ಲಿ ಮನೆ ಮಾಡಿದ್ದ. ಭಾನುವಾರ ಬಂದು ಹೋಗುತ್ತಿದ್ದರು. ಕೃಪಾ ಒಳ್ಳೆಯವಳೇ, ಎದುರು ಮಾತಾಡಿದವಳಲ್ಲ. ಆದರೆ ಅವಳಿಗೂ ಅತ್ತೆಗೂ ಮಾತು ಹುಟ್ಟುತ್ತಿರಲಿಲ್ಲ. "ಊಟ ಆಯ್ತಾ ಅತ್ತೆ?" "ಆಯ್ತವ್ವ, ನಿಂದು?" ಇಷ್ಟಾದ ಮೇಲೆ ಸೊಸೆ ಫೋನು ನೋಡುವಳು, ಅತ್ತೆ ಸೊಸೆಯನ್ನು ನೋಡುವರು. ಹೆಣ್ಣುಮಕ್ಕಳಿಲ್ಲದ ನಾಗಲಕ್ಷ್ಮಮ್ಮನವರಿಗೆ ಇದು ದೊಡ್ಡ ಕೊರಗಾಗಿತ್ತು.

ಎರಡನೇ ಅಂತಸ್ತಿನ ಕೊನೆಯ ರೂಮಿನಲ್ಲಿ ಮಹಾಂತಮ್ಮ ಇದ್ದಳು. ಲಿಂಗಸುಗೂರು ಕಡೆಯವಳು. ಗಂಡ ಸಂಗಣ್ಣ ಕಟ್ಟಡಗಳಲ್ಲಿ ಕಂಬಿ ಕಟ್ಟುವವನು. ಇಲ್ಲಿಗೆ ಬಂದ ಮೇಲೆ ಅವಳಿಗೆ ಹೆರಿಗೆಯಾಯಿತು. ಬಾಣಂತನ ಮಾಡಲು ಅವಳ ತಾಯಿ ಬದುಕಿರಲಿಲ್ಲ. ಬಾಡಿಗೆಯವರ ವಿಷಯದಲ್ಲಿ ಅಷ್ಟೊಂದು ಬಿಗಿಯಾದ ನಾಗಲಕ್ಷ್ಮಮ್ಮ ಅದೇನು ಮನಸ್ಸು ಬಂತೋ, ಸೀರೆ ಎತ್ತಿಕಟ್ಟಿ ಮೆಟ್ಟಿಲು ಹತ್ತಿದರು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕಿದರು, ಬಾಣಂತಿಗೆ ಮೆಣಸಿನ ಸಾರು, ಬಿಸಿ ಅನ್ನ ಕಳಿಸಿದರು. ಯಾರಿಗೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳಬಹುದಾದದ್ದನ್ನು ಹೇಳದೆ, ಹೇಳಿಕೊಳ್ಳಬಾರದ್ದನ್ನು ಹೇಳಿಕೊಂಡದ್ದೇ ಅವರ ಗ್ರಹಚಾರ.

ಮೈ ಸುಧಾರಿಸಿದ ಮೇಲೆ ಮಹಾಂತಮ್ಮ ಕೆಳಗೆ ಬಂದು ಒಂದು ಚೀಲವನ್ನು ಅವರ ಕೈಯಲ್ಲಿಟ್ಟಳು. ಕ್ರೋಶಾ ಕಡ್ಡಿಯಲ್ಲಿ ಹಾಕಿದ್ದು. ತಳದಲ್ಲಿ ದುಂಡನೆಯ ಹೂವು, ಅದರಿಂದ ಮೇಲೇಳುತ್ತಾ ಜಾಲರಿ, ಬಾಯಿಯ ಸುತ್ತ ಸಣ್ಣ ಸಣ್ಣ ಕಮಾನಿನ ಅಂಚು. ಜಾಲರಿಯ ಸಂದಿಯಲ್ಲಿ ಪೋಣಿಸಿದ ಹೊಸೆದ ಲಾಡಿ, ಲಾಡಿಯ ತುದಿಗೆ ಕುಚ್ಚು. ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಬಣ್ಣ ಬಿಳಿಯಲ್ಲ, ಹಳೇ ಕಾಲದ ಪೆಟ್ಟಿಗೆಯಿಂದ ತೆಗೆದ ಹಾಗೆ ತಿಳಿ ಕಂದು.

"ನಮ್ಮವ್ವನ ಎಲಿ ಅಡಕಿ ಚಂಚಿ ಹಿಂಗ ಇತ್ರಿ ಅಮ್ಮಾರ. ಹಾಕೂದು ಆಕೀನ ಕಲಿಸಿದ್ಲು," ಅಂದಳು ಮಹಾಂತಮ್ಮ. "ಹಳೇದಾಗಿ ಆಗಿ ಚಹಾದ ಬಣ್ಣ ಬಂದಿತ್ತು. ಈಗ ಆ ಚಂಚೀನೂ ಇಲ್ಲ, ಅವ್ವನೂ ಇಲ್ಲ. ಅದಕ ನಾ ನೂಲು ಚಹಾದಾಗ ಅದ್ದಿ ಹಾಕೀನ್ರಿ."

ನಾಗಲಕ್ಷ್ಮಮ್ಮ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಎಂಥ ಚೆಂದಾಗೈತೆ ಮಾಂತಮ್ಮ," ಅಂದು ಒಳಗಿಟ್ಟುಕೊಂಡರು.

ನೆಂಟರ ಮದುವೆಯೊಂದಕ್ಕೆ ಆ ಚೀಲವನ್ನು ಮುಂಗೈಗೆ ತೂಗುಹಾಕಿಕೊಂಡು ಹೋದರು. ಛತ್ರದ ಊಟದ ಹಾಲಿನ ಬಾಗಿಲಲ್ಲಿ ಕೃಪಾ ಅದನ್ನು ನೋಡಿ ನಿಂತಳು.

"ಅತ್ತೆ! ಇದೆಲ್ಲಿ ಸಿಕ್ತು? ಪೂರ್ತಿ ವಿಂಟೇಜ್ ಅತ್ತೆ ಇದು!"

ಇಂಟೇಜು ಅಂದರೆ ಏನೆಂದು ನಾಗಲಕ್ಷ್ಮಮ್ಮನವರಿಗೆ ಗೊತ್ತಾಗಲಿಲ್ಲ. ಹೊಗಳಿಕೆ ಎಂಬುದು ಮಾತ್ರ ಗೊತ್ತಾಯಿತು. "ನಮ್ಮನೇಲೇ ಆಕಿದ್ದು ಕಣವ್ವ," ಅಂದರು.

ಮೇಲಿನ ರೂಮಿನ ಹುಡುಗಿ ಹಾಕಿದ್ದು ಎಂದು ಮಾತು ಮುಂದುವರಿಸಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಕೃಪಾ, "ಅಯ್ಯೋ, ನೀವಾ ಹಾಕಿದ್ದು? ಒಂದು ದಿನಾನೂ ಹೇಳ್ಲಿಲ್ವಲ್ಲ!" ಎಂದು ಅಷ್ಟು ಜನರೆದುರು ಅತ್ತೆಯನ್ನು ತಬ್ಬಿಕೊಂಡುಬಿಟ್ಟಳು. ಅವಳ ತಲೆಯ ಮಲ್ಲಿಗೆ ಇವರ ಕೆನ್ನೆಗೆ ತಾಗಿತು. ಮದುವೆಯಾಗಿ ಬಂದಾಗಿನಿಂದ ಅವಳು ಹಾಗೆ ಹತ್ತಿರ ಬಂದದ್ದು ಅದೇ ಮೊದಲು. ನಾಗಲಕ್ಷ್ಮಮ್ಮ ತೆರೆದ ಬಾಯಿ ಮುಚ್ಚಿಕೊಂಡರು. ಪಕ್ಕದಲ್ಲಿದ್ದ ವಾರಗಿತ್ತಿಯ ಮುಖ ನೋಡುವ ಹಾಗಿತ್ತು.

ಆ ದಿನ ಊಟ ರುಚಿಸಲಿಲ್ಲ. ನಾನೇನು ಸುಳ್ಳು ಹೇಳಿದೆನೇ, ನಮ್ಮನೆಯಲ್ಲೇ ತಾನೇ ಹಾಕಿದ್ದು, ಎರಡನೇ ಅಂತಸ್ತೂ ನಮ್ಮನೆಯೇ ತಾನೇ ಎಂದು ಪಾಯಸದ ಎದುರು ಕೂತು ಸಮಾಧಾನ ಮಾಡಿಕೊಂಡರು. ವಕೀಲರ ಹತ್ತಿರ ಹೋಗಿದ್ದರೂ ಇದಕ್ಕಿಂತ ಒಳ್ಳೆಯ ವಾದ ಸಿಗುತ್ತಿರಲಿಲ್ಲ.

ಮುಂದಿನ ಭಾನುವಾರದಿಂದ ಕೃಪಾ ಫೋನು ಬದಿಗಿಟ್ಟು ಅತ್ತೆಯ ಪಕ್ಕ ಕೂರತೊಡಗಿದಳು. ತನ್ನ ಅಜ್ಜಿಯ ಕಸೂತಿಯ ಕಥೆ ಹೇಳಿದಳು. ಆಫೀಸಿನ ಗೊಣಗಾಟ ಹೇಳಿಕೊಂಡಳು. ಒಮ್ಮೆ ತಲೆನೋವೆಂದು ತೊಡೆಯ ಮೇಲೆ ಮಲಗಿ ಎಣ್ಣೆಯನ್ನೂ ಹಚ್ಚಿಸಿಕೊಂಡಳು. ಈಗ ನಿಜ ಹೇಳಿದರೆ ಇದೆಲ್ಲ ಹೋಗುತ್ತದಲ್ಲ ಎಂಬ ಭಯಕ್ಕೆ ನಾಗಲಕ್ಷ್ಮಮ್ಮ ನಾಳೆ ಹೇಳೋಣ, ಬರುವ ವಾರ ಹೇಳೋಣ ಎಂದು ಮುಂದೂಡಿದರು. ಅಷ್ಟರೊಳಗೆ ಕೃಪಾಳ ಗೆಳತಿಯರೆಲ್ಲ ತಮಗೂ ಒಂದೊಂದು ಬೇಕೆಂದು ದುಂಬಾಲು ಬಿದ್ದಿದ್ದರು.

ನಾಗಲಕ್ಷ್ಮಮ್ಮ ನೂಲಿನ ಉಂಡೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದರು. "ಸೊಸೆ ಕಡೇವ್ರು ಕೇಳ್ತಾವ್ರೆ ಕಣವ್ವ, ಇನ್ನೊಂದಷ್ಟು ಆಕ್ಕೊಡ್ತೀಯಾ?"

"ಅದಕ್ಕೇನ್ರಿ ಅಮ್ಮಾರ!" ಅಂದಳು ಮಹಾಂತಮ್ಮ. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆಳೆದುಕೊಂಡಳು. "ನನ್ನ ಮಗೀಗೆ ನೀರು ಹಾಕಿದ ಕೈ ರೀ ಅದು. ಅದರಿಂದ ರೊಕ್ಕ ಇಸ್ಕೊಳ್ಳಲೇನ್ರಿ?"

ಅಂದಿನಿಂದ ಆ ರೂಮಿಗೆ ತಿಂಡಿ ಹೋಗಲು ಶುರುವಾಯಿತು. ಒಬ್ಬಟ್ಟು ಮಾಡಿದರೆ ಒಬ್ಬಟ್ಟು, ಅವರೆಕಾಳು ಉಪ್ಪಿಟ್ಟು ಮಾಡಿದರೆ ಉಪ್ಪಿಟ್ಟು. ಅವಳು ನೀರು ಎಷ್ಟು ಸುರಿದರೂ ಬೈಗುಳವಿಲ್ಲ. ವೆಂಕಟೇಶಪ್ಪನವರು, "ಏನೇ ಇದು, ಹುಷಾರಾಗಿದ್ದೀಯಾ?" ಎಂದು ಕೇಳಿದರು. ಇತ್ತ ಮಹಾಂತಮ್ಮ ಇಂಥ ಓನರಮ್ಮ ಲೋಕದಲ್ಲೇ ಇಲ್ಲವೆಂದು ಕರಗಿ, ಚೀಲಗಳಿಗೆ ಇನ್ನಷ್ಟು ಹೂವು, ಇನ್ನಷ್ಟು ಕಮಾನು ಹಾಕಿದಳು. ಚೀಲ ಚೆಂದವಾದಷ್ಟೂ ನಾಗಲಕ್ಷ್ಮಮ್ಮನವರಿಗೆ ನಿಜ ಹೇಳುವುದು ಕಷ್ಟವಾಯಿತು.

ಕಲಿತುಬಿಟ್ಟರೆ ನಿಜವೇ ಆಗಿಹೋಗುತ್ತದಲ್ಲ ಎಂದೂ ನೋಡಿದರು. ಮಧ್ಯಾಹ್ನ ಮೇಲೆ ಹೋಗಿ, "ಸುಮ್ನೆ ಒತ್ತೋಗಕ್ಕೆ ಕಣವ್ವ, ನನ್ಗೂ ತೋರ್ಸು," ಅಂದರು. ಮಹಾಂತಮ್ಮ ಸಂತೋಷದಿಂದ ಕೈ ಹಿಡಿದು ತೋರಿಸಿದಳು. ಆದರೆ ಕಳೆ ಬೇರುಸಹಿತ ಕಿತ್ತು ರೂಢಿಯಾದ ಬೆರಳು ನೂಲನ್ನೂ ಹಾಗೇ ಎಳೆಯುತ್ತಿತ್ತು. ಹರಡಬೇಕಾದ ಹೂವು ಮುದುರಿಕೊಂಡು ಬಟ್ಟಲಾಗುತ್ತಿತ್ತು. "ಕೈ ಸಡ್ಲ ಬಿಡ್ರಿ ಅಮ್ಮಾರ, ಯಾರೂ ಕಸ್ಕೊಳ್ಳಾಕ ಬಂದಿಲ್ಲ," ಎಂದು ಮಹಾಂತಮ್ಮ ನಕ್ಕಳು. ನಾಗಲಕ್ಷ್ಮಮ್ಮನವರಿಗೆ ನಗು ಬರಲಿಲ್ಲ. ಕೊನೆಗೆ ಕಡ್ಡಿ ಕೆಳಗಿಟ್ಟರು.

ಹೀಗಿರುವಾಗ ಒಂದು ಭಾನುವಾರ ಕೃಪಾ ಒಬ್ಬಳೇ ಬಂದಳು. ಅಪಾರ್ಟ್‌ಮೆಂಟಿನ ಹೆಂಗಸರ ಕಾರ್ಯಕ್ರಮದಲ್ಲಿ ತೋರಿಸಲು ಅತ್ತೆ ಕ್ರೋಶಾ ಹಾಕುವ ವಿಡಿಯೋ ಬೇಕಂತೆ. ಬೇಡವ್ವ ಎಂದರೂ ಕೇಳಲಿಲ್ಲ. ತಾನೇ ಮೈಸೂರು ಸಿಲ್ಕ್ ಸೀರೆ ತೆಗೆದುಕೊಟ್ಟಳು, ಬೆಳಕು ಬೀಳುವ ಕಡೆ ಕುರ್ಚಿ ಹಾಕಿದಳು, ಕೈಗೆ ಕಡ್ಡಿ, ನೂಲು ಕೊಟ್ಟಳು. "ಸುಮ್ನೆ ನಿಮ್ಮ ಪಾಡಿಗೆ ಹಾಕ್ತಿರಿ ಅತ್ತೆ, ಕೈ ಮಾತ್ರ ತೆಗೀತೀನಿ."

ನಾಗಲಕ್ಷ್ಮಮ್ಮ ನೂಲನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆ ಗಳಿಗೆಗೇ ಬಾಗಿಲಲ್ಲಿ ಮಹಾಂತಮ್ಮ ನಿಂತಳು. ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಚೀಲಗಳು. "ಅಮ್ಮಾರ, ಉಳದವೂ ಮುಗದಾವ್ರಿ..." ಎಂದವಳು ಕೃಪಾಳನ್ನು ಕಂಡು ಮಾತು ನಿಲ್ಲಿಸಿದಳು.

"ಅರೆ, ನೀವೂ ಹಾಕ್ತೀರಾ?" ಕೃಪಾ ಹಿಗ್ಗಿ ಕೇಳಿದಳು. "ನಿಮ್ಗೂ ಅತ್ತೇನೇ ಕಲಿಸಿದ್ರಾ?"

ಮಹಾಂತಮ್ಮ ಫೋನನ್ನು ನೋಡಿದಳು, ರೇಷ್ಮೆ ಸೀರೆಯನ್ನು ನೋಡಿದಳು, ಓನರಮ್ಮನ ಕೈಯಲ್ಲಿ ತಲೆಕೆಳಗಾಗಿದ್ದ ಕಡ್ಡಿಯನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಅರ್ಥವಾದದ್ದು ನಾಗಲಕ್ಷ್ಮಮ್ಮನವರಿಗೂ ಗೊತ್ತಾಯಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಹೂಂನ್ರಿ," ಅಂದಳು ಮಹಾಂತಮ್ಮ. "ಅಮ್ಮಾರ ಕಲಿಸ್ಯಾರ್ರಿ. ನಂಗೇನ್ ಬರ್ತಿತ್ರಿ?"

ಅಷ್ಟಕ್ಕೇ ಬಿಡಲಿಲ್ಲ. ಹತ್ತಿರ ಬಂದು ಚೀಲಗಳನ್ನು ಕೆಳಗಿಟ್ಟು, "ನೂಲು ಸಿಕ್ಕಾಗೇತ್ರಿ ಅಮ್ಮಾರ," ಎನ್ನುತ್ತಾ, ಕೃಪಾಳಿಗೆ ಕಾಣದಂತೆ ಬಗ್ಗಿ ಆ ಕಡ್ಡಿಯನ್ನು ನೆಟ್ಟಗೆ ಹಿಡಿಸಿದಳು. ಮಗು ಅಳುತ್ತದೆಂದು ಹೊರಟುಹೋದಳು. ಮಗು ಅಳುತ್ತಿರಲಿಲ್ಲ.

ನಾಗಲಕ್ಷ್ಮಮ್ಮನವರಿಗೆ ಬೈಸಿಕೊಂಡು ಗೊತ್ತಿತ್ತು, ಬೈದೂ ಗೊತ್ತಿತ್ತು. ಇದು ತಡೆಯಲಾಗಲಿಲ್ಲ. ಸತ್ತ ತಾಯಿಯಿಂದ ಅವಳಿಗೆ ಉಳಿದದ್ದು ಅದೊಂದೇ ವಿದ್ಯೆ. ಅದನ್ನೂ ತನಗಾಗಿ ಇಲ್ಲವೆಂದುಬಿಟ್ಟಳಲ್ಲ.

"ಕೃಪಾ, ಆ ಫೋನು ಆರ್ಸವ್ವ," ಅಂದರು. "ಇದ್ಯಾವ್ದೂ ನಾನು ಆಕಿದ್ದಲ್ಲ. ಒಂದು ಎಳೇನೂ ನಂದಲ್ಲ. ಎಲ್ಲಾ ಆ ಉಡುಗೀದು. ಅವ್ರಮ್ಮ ಕಲ್ಸಿದ್ದು."

ಕೃಪಾ ಫೋನು ಕೆಳಗಿಳಿಸಿದಳು. "ಅವತ್ತು ಛತ್ರದಲ್ಲಿ ನೀವೇ ಅಂದ್ರಲ್ಲ ಅತ್ತೆ?"

"ನಮ್ಮನೇಲೇ ಆಕಿದ್ದು ಅಂದೆ. ನಾನು ಆಕ್ದೆ ಅಂತ ನೀನು ತಿಳ್ಕೊಂಡೆ. ತಿಳ್ಕೊಳ್ಲಿ ಅಂತ ನಾನೂ ಸುಮ್ಕಾದೆ. ನೀನು ತಬ್ಕೊಂಡ್ಯಲ್ಲವ್ವ, ಅದ್ಕೇ ಸುಮ್ಕಾದೆ."

ಕೃಪಾಳ ಮುಖ ಕೆಂಪಾಯಿತು. "ನಾನು ಎಲ್ರಿಗೂ ಹೇಳ್ಕೊಂಡು ಬಂದ್ಬಿಟ್ಟಿದ್ದೀನಿ," ಎಂದಳು ಮೆಲ್ಲಗೆ. "ನನ್ಗಿರ್ಲಿ ಅತ್ತೆ, ಈಗ ಬಂದಿದ್ರಲ್ಲ, ಅವ್ರಿಗೆ ಹೇಗಾಗಿರ್ಬೇಡ?" ಕಾರ್ಯಕ್ರಮದವರಿಗೆ ತಾನೇ ನಿಜ ಹೇಳುವೆನೆಂದಳು. ಚೀಲಗಳನ್ನು ಮುಟ್ಟಲಿಲ್ಲ. ಹೋಗುವಾಗ ಬಾಗಿಲಲ್ಲಿ, "ಬರ್ತೀನಿ ಅತ್ತೆ, ಊಟ ಮಾಡಿ," ಅಂದಳು, ಹಿಂದಿನ ಹಾಗೆಯೇ.

ನಾಗಲಕ್ಷ್ಮಮ್ಮ ಊಟ ಮಾಡಲಿಲ್ಲ. ಸಿಲ್ಕ್ ಸೀರೆ ಬಿಚ್ಚಿಟ್ಟು, ಮನೆಯ ಸೀರೆ ಉಟ್ಟು ಮೇಲೆ ಹೋದರು. ಮಹಾಂತಮ್ಮ ರೂಮಿನ ಮುಂದಿನ ಮೆಟ್ಟಿಲ ಮೇಲೆ ಕೂತು ನೂಲು ಸುತ್ತುತ್ತಿದ್ದಳು. ಓನರಮ್ಮನನ್ನು ಕಂಡು ಎದ್ದು ನಿಲ್ಲಲು ಹೋದಳು.

"ಕೂತ್ಕೊ, ಕೂತ್ಕೊ. ಸೊಸೇಗೆ ಎಲ್ಲಾ ಏಳ್ದೆ ಕಣವ್ವ. ತಪ್ಪಾಯ್ತು ನಂದು."

ಮಹಾಂತಮ್ಮ ತಲೆಯಾಡಿಸಿದಳು. ಆಯಿತು ಎಂದೋ ಇರಲಿ ಎಂದೋ ತಿಳಿಯಲಿಲ್ಲ.

"ಒಂದು ಮಾತು ಕೇಳ್ತೀನಿ," ಅಂದರು ನಾಗಲಕ್ಷ್ಮಮ್ಮ. "ನಾನು ಕಲ್ಸ್ದೆ ಅಂತ ಯಾಕಂದೆ? ಮಗೀಗೆ ನೀರಾಕಿದ್ನಲ್ಲ, ಆ ಪ್ರೀತಿಗೆ ಅಂದಾ?"

ಹೌದು ಅನ್ನಲಿ ಎಂದು ಅವರ ಜೀವವೆಲ್ಲ ಬಾಯಿಗೆ ಬಂದಿತ್ತು. ಮಹಾಂತಮ್ಮ ಉಂಡೆಗೆ ನೂಲು ಸುತ್ತುತ್ತಲೇ ಇದ್ದಳು. ಆಮೇಲೆ ಸಿಟ್ಟಿಲ್ಲದೆ, ಎಲ್ಲರಿಗೂ ಗೊತ್ತಿರುವ ಸಂಗತಿ ಹೇಳುವ ಹಾಗೆ ಹೇಳಿದಳು.

"ಮನಿ ನಿಮ್ದೈತಲ್ರೀ ಅಮ್ಮಾರ, ನಾವು ಬಾಡಿಗಿ ಮಂದಿ."

ಕೆಳಗೆ ಟ್ಯಾಂಕಿನ ಮೋಟರ್ ಓಡುತ್ತಿತ್ತು, ಆರಿಸಬೇಕೆಂಬುದೂ ನಾಗಲಕ್ಷ್ಮಮ್ಮನವರಿಗೆ ನೆನಪಾಗಲಿಲ್ಲ. ಗೋಡೆ ಹಿಡಿದು ಕಾಲ ಕೆಳಗಿನ ಮೆಟ್ಟಿಲನ್ನು ನೋಡಿದರು. ಆ ಮೆಟ್ಟಿಲು ಕಟ್ಟಿಸುವಾಗ ಸಿಮೆಂಟಿಗೆ ನೀರು ಹೊತ್ತವರು ಅವರು.

"ಇಲ್ಲಿ ಕೂತ್ಕೊಳ್ಳಲಾ?" ಎಂದು ಕೇಳಿದರು.

ಮಹಾಂತಮ್ಮ ನೂಲಿನ ಉಂಡೆಯನ್ನು ಪಕ್ಕಕ್ಕೆ ಸರಿಸಿದಳು.