ಐದನೆಯ ಬೋಗುಣಿ

ಪಿಂಗಾಣಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗೂಡಕ್ಕ ಎಂದೇ ಕರೆಯುತ್ತಿದ್ದರು. ಹಸಿ ತಟ್ಟೆ, ಬಟ್ಟಲುಗಳನ್ನು ಸುಡುವ ಗೂಡಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವಳು. ಬೆಂಕಿಯ ಬಣ್ಣ ನೋಡಿಯೇ ಒಳಗಿನ ಕಾವು ಹೇಳುತ್ತಿದ್ದಳು. ಮೀಟರು ನೋಡಿದರೆ ಹತ್ತು ಡಿಗ್ರಿ ಆಚೀಚೆ, ಅಷ್ಟೇ. ಆದರೆ ಇಷ್ಟು ವರ್ಷ ಸುಟ್ಟದ್ದೆಲ್ಲ ಬೇರೆಯವರು ರೂಪಿಸಿದ್ದು. ಈ ವರ್ಷ ಮೊದಲ ಸಲ ತನ್ನದೇ ಒಂದು ಪಾತ್ರೆ ಮಾಡಿದ್ದಳು: ಓವನ್ನಿನಿಂದ ನೇರ ಊಟದ ಮೇಜಿಗೆ ಬರಬಹುದಾದ, ಆಳವಾದ ಚೌಕ ಬೋಗುಣಿ. ಮಣ್ಣಿನ ಮಿಶ್ರಣವೂ ಅವಳದೇ ಲೆಕ್ಕ. ನಾಲ್ಕು ಬೋಗುಣಿಗಳು ಪರೀಕ್ಷೆಯಲ್ಲೇ ಬಿರುಕು ಬಿಟ್ಟಿದ್ದವು. ಮಾಲೀಕರು ಐದನೆಯದನ್ನು ಅವಳ ಕೈಗಿಟ್ಟು, ಮನೆಯಲ್ಲಿ ಅಡುಗೆ ಮಾಡಿ ನೋಡು, ನಾಳೆ ಇಡಿಯಾಗಿ ತಂದರೆ ಇನ್ನೂರು ಮಾಡೋಣ, ಬಿರುಕು ಬಿಟ್ಟರೆ ಈ ವಿಚಾರ ಇಲ್ಲಿಗೇ ಬಿಡೋಣ ಎಂದಿದ್ದರು.

ಹಾಗಾಗಿ ಆ ಸಂಜೆ ಮನೆಯವರಿಗೆಲ್ಲ ಚೀಸ್ ಹಾಕಿ ಬೇಯಿಸಿದ ಪಾಸ್ತಾ. ಬಸ್ ಓಡಿಸುವ ಗಂಡ ಪಾಳಿ ಬದಲಿಸಿಕೊಂಡು ಬೇಗ ಬಂದಿದ್ದ. ಮಗಳಿಗೆ ಚೀಸ್ ತುರಿಯುವ ಕೆಲಸ. ತೂಗಿ ಕೊಟ್ಟದ್ದು ಮುನ್ನೂರು ಗ್ರಾಂ, ಬೋಗುಣಿಗೆ ಬಂದದ್ದು ಇನ್ನೂರೈವತ್ತು. ಉಳಿದದ್ದು ಎಲ್ಲಿ ಹೋಯಿತೆಂದು ಅವಳ ಕೆನ್ನೆಯೇ ಹೇಳುತ್ತಿತ್ತು.

ಗೂಡಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪೊಟ್ಟಣದ ಮೇಲೆ ಬರೆದಿದ್ದಕ್ಕಿಂತ ಎರಡು ನಿಮಿಷ ಮೊದಲೇ ಪಾಸ್ತಾ ಬಸಿದಳು. ಉಳಿದದ್ದು ಓವನ್ನಿನಲ್ಲಿ ಬೇಯಬೇಕು. ಬೆಣ್ಣೆಯಲ್ಲಿ ಮೈದಾ ಹುರಿದು, ಗಂಟಾಗದಂತೆ ಹಾಲನ್ನು ಸ್ವಲ್ಪಸ್ವಲ್ಪವೇ ಸುರಿದು ಕದಡಿದಳು. ಎಲ್ಲ ಬೆರೆಸಿ, ಬೋಗುಣಿಗೆ ತುಂಬಿ, ಮೇಲೆ ಚೀಸ್ ಹರಡಿ, ನಟ್ಟನಡುವೆ ಚೀಸಿನದೇ ಮೂರು ಕಡ್ಡಿ ನಿಲ್ಲಿಸಿದಳು. ಕಾರ್ಖಾನೆಯ ಗೂಡಿನಲ್ಲಿ ಹೀಗೆಯೇ ಮಣ್ಣಿನ ಕಡ್ಡಿ ನಿಲ್ಲಿಸುತ್ತಾರೆ; ಅವು ಬಾಗಿದರೆ ಕಾವು ಸಾಕೆಂದು ಅರ್ಥ. ನೂರ ತೊಂಬತ್ತು ಡಿಗ್ರಿ, ಇಪ್ಪತ್ತೈದು ನಿಮಿಷ. ಓವನ್ನಿನ ಗಾಜಿಗೆ ಮೂಗು ತಾಗಿಸಿ ಕೂತವಳು, ಕಡ್ಡಿಗಳು ಒಂದೊಂದಾಗಿ ತಲೆಬಾಗಿದಾಗ ಮಗಳ ಭುಜ ಹಿಡಿದು ಅಲುಗಾಡಿಸಿಬಿಟ್ಟಳು. ಚೀಸ್ ಹೊನ್ನಿನ ಬಣ್ಣಕ್ಕೆ ತಿರುಗಿ ಅಂಚಿನಲ್ಲಿ ಕುದಿಯುತ್ತಿತ್ತು. ಬೋಗುಣಿ ಇಡಿಯಾಗಿತ್ತು.

ಓವನ್ ಆರಿಸಿದಳು. ಬಾಗಿಲು ಮಾತ್ರ ತೆಗೆಯಲಿಲ್ಲ.

ಐದು ನಿಮಿಷ ಕಳೆಯಿತು, ಹತ್ತಾಯಿತು. ಗಂಡ ಚಮಚ ಹಿಡಿದು ಕೂತಿದ್ದ. ಗೂಡು ತಾನಾಗಿ ತಣ್ಣಗಾಗುವವರೆಗೆ ಯಾರೂ ಬಾಗಿಲಿಗೆ ಕೈ ಹಚ್ಚಬಾರದೆಂದು ಅವಳು ವಿವರಿಸಿದಳು. ಅವಸರಪಟ್ಟರೆ ಮಣ್ಣು ಬಿರುಕು ಬಿಡುತ್ತದೆ. ಕಾರ್ಖಾನೆಯಲ್ಲಿ ಒಂದೂವರೆ ದಿನ ಕಾಯುತ್ತೇವೆ ಎಂದಳು.

"ಹಾಗಾದ್ರೆ ನಾಡಿದ್ದು ಊಟಕ್ಕೆ ಕರಿ," ಎಂದ ಗಂಡ.

ಮೇಜಿನ ಆ ತುದಿಯಲ್ಲಿ ಕೂತಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಅಲ್ಲ ಕಣೇ, ಇದು ಬಿಸಿಬಿಸಿ ಮೇಜಿಗೆ ತರೋ ಪಾತ್ರೆ ಅಂದೆ. ತಣ್ಣಗಾದ ಮೇಲೆ ತೆಗೆದ್ರೆ ನೀನು ಏನು ಪರೀಕ್ಷೆ ಮಾಡಿದ ಹಾಗಾಯ್ತು?"

ಹೌದಲ್ಲ ಅನ್ನಿಸಿತು ಗೂಡಕ್ಕನಿಗೆ. ಕಾಯುತ್ತಾ ಕೂತರೆ ಬೋಗುಣಿಯೇನೋ ಉಳಿದೀತು, ಆದರೆ ಅದನ್ನು ಕೊಂಡವರು ಯಾರೂ ಹಾಗೆ ಕಾಯುವುದಿಲ್ಲ. ಓವನ್ ಮತ್ತೆ ಹಚ್ಚಿದಳು. ಚೀಸ್ ಮತ್ತೆ ಕುದಿ ಬಂದಾಗ ದಪ್ಪ ಬಟ್ಟೆ ಹಿಡಿದು ಬಾಗಿಲು ತೆರೆದಳು. ಇಪ್ಪತ್ತೆರಡು ವರ್ಷದ ಅಭ್ಯಾಸ ಮೊಣಕೈ ಹಿಡಿದು ಎಳೆಯುತ್ತಿತ್ತು. ಮೇಜಿನ ಕಲ್ಲಿನ ಮೇಲೆ ಮಗಳು ಮಡಿಸಿದ ಟವೆಲ್ ಹಾಸಿದ್ದಳು.

"ತೆಗಿ ಅದನ್ನ," ಎಂದಳು ಗೂಡಕ್ಕ. "ಎಲ್ಲರ ಮನೇಲೂ ನೀನು ಹೋಗಿ ಟವೆಲ್ ಹಾಸ್ತೀಯಾ?"

ಬರಿಯ ತಣ್ಣನೆ ಕಲ್ಲಿನ ಮೇಲೆ ಇಟ್ಟಳು. ಟಣ್ ಎಂದಿತು. ನಾಲ್ವರೂ ಬೋಗುಣಿಯತ್ತ ಬಾಗಿದರು. ಇನ್ನೊಂದು ಟಣ್. ಶಬ್ದ ಬೆನ್ನ ಹಿಂದಿನಿಂದ ಬರುತ್ತಿತ್ತು: ತೆರೆದಿಟ್ಟ ಓವನ್ನಿನ ತಗಡು ಆರುತ್ತಿತ್ತು.

ಮೊದಲ ಚಮಚ ಎತ್ತಿದ್ದೇ ಚೀಸ್ ಎಳೆಯೆಳೆಯಾಗಿ ತಟ್ಟೆಯವರೆಗೂ ಬಂತು. ಮೂಲೆಯ ಗರಿಗರಿ ತುಂಡಿಗೆ ಅಪ್ಪ ಮಗಳ ನಡುವೆ ಕದನವೇ ನಡೆಯಿತು. ಗೂಡಕ್ಕ ಎರಡು ತುತ್ತು ತಿಂದಳೋ ಇಲ್ಲವೋ, ಬೋಗುಣಿ ಬರಿದಾಗುವುದನ್ನೇ ಕಾಯುತ್ತಿದ್ದಳು. ಬರಿದಾದ ಕೂಡಲೇ ತೊಳೆದು, ದೀಪದ ಕೆಳಗೆ ಹಿಡಿದು, ಒಳಗೂ ಹೊರಗೂ ಉಗುರಾಡಿಸಿದಳು. ಕೂದಲೆಳೆಯಷ್ಟೂ ಬಿರುಕಿಲ್ಲ. ಎದೆಗೆ ಅವಚಿಕೊಂಡು ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿದಳು.

"ನಾಳೆ ನಿಮ್ಮ ಮಾಲೀಕರಿಗೆ ಹೇಳು," ಎಂದರು ಅತ್ತೆ, ಖಾಲಿ ತಟ್ಟೆಯನ್ನು ತೋರಿಸುತ್ತಾ. "ಅಳತೆ ಸ್ವಲ್ಪ ಚಿಕ್ಕದಾಯ್ತು ಅಂತ."