ಬರಿಗಾಲಿನ ಪದ್ಧತಿ

ಹೊಸ ಗಾಡಿಗೆ ಅದರದೇ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬೇಕು. ಟೈರಿನ ರಬ್ಬರು, ಸೀಟಿನ ರೆಕ್ಸಿನ್ನು, ಬಿಸಿಲಿಗೆ ಕಾದ ಎಣ್ಣೆ, ಇವುಗಳ ಜೊತೆಗೆ ಹ್ಯಾಂಡಲ್ಲಿಗೆ ಕಟ್ಟಿದ ಚೆಂಡುಹೂವು. ಮೊನ್ನೆ ಅಣ್ಣನ ಮಗ ಶರಣು ತನ್ನ ಮೊದಲ ಮೋಟರ್‌ಸೈಕಲ್ಲನ್ನು ತೋರಿಸಲೆಂದು ತಳಕಲ್ಲಿನಿಂದ ಕುಷ್ಟಗಿಯ ನಮ್ಮ ಮನೆಯ ತನಕ ಹೊಡೆದುಕೊಂಡು ಬಂದ. ಸಂಡಿಗೆ ಹಾಕುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಕೆಂಪು ಬಣ್ಣದ, ಮುಂದಕ್ಕೆ ಬಗ್ಗಿದ, ಹಿಂದಿನ ಸೀಟು ಹುಂಜದ ಬಾಲದಂತೆ ಮೇಲೆದ್ದ ಓಟದ ಗಾಡಿ.

"ಹೆಂಗೈತಿ ಅತ್ತಿ?" ಎಂದ.

"ಭಾಳ ಛಲೋ ಐತಿ" ಎಂದೆ. ಬಾಯಿ ಹಾಗೆಂದಿತು; ಕಣ್ಣು ಮಾತ್ರ ಅವನ ಕಾಲಿನ ಕಡೆಗೇ ಹೋಯಿತು. ಮಂದಿ ಗಾಡಿಯ ಬಣ್ಣ ನೋಡುತ್ತಾರೆ, ಇಂಜಿನ್ನು ನೋಡುತ್ತಾರೆ. ನಾನು ಸವಾರನ ಹಿಮ್ಮಡಿ ನೋಡುತ್ತೇನೆ. ಈ ಚಟ ನನಗೆ ಅಂಟಿದ್ದು ನನ್ನ ಮದುವೆಯ ಹೊತ್ತಿಗೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗಂಡು ಕುಷ್ಟಗಿಯವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡು ಹೆಣ್ಣನ್ನು ನೋಡುತ್ತಾನೆ. ಹೆಣ್ಣು ನೋಡುವುದು ಜಮಖಾನೆಯನ್ನು. ತಲೆ ತಗ್ಗಿಸಿ ಕೂತವಳಿಗೆ ಇನ್ನೇನು ಕಂಡೀತು? ನನಗೆ ಕಂಡದ್ದು ಎರಡು ಪಾದಗಳು ಮತ್ತು ಅವುಗಳ ಕೆಳಗೆ ಸಿಕ್ಕಿಕೊಂಡಿದ್ದ ಬೆಲ್‌ಬಾಟಮ್ ಪ್ಯಾಂಟಿನ ಅಂಚು. ಅಂಥ ಪ್ಯಾಂಟಿಗೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, "ಕಸಬರಿಗಿ ಪ್ಯಾಂಟು" ಎಂದು ಹೆಸರಿಟ್ಟಿದ್ದಳು. ಇದಾದರೋ ನೆಲ ಗುಡಿಸುವುದನ್ನೂ ಬಿಟ್ಟು, ಒಳಕ್ಕೆ ಮಡಿಚಿಕೊಂಡು ಹಿಮ್ಮಡಿಯ ಅಡಿಯಲ್ಲಿ ಕೂತಿತ್ತು. ಇಷ್ಟು ಉದ್ದ ಯಾಕೆ ಹೊಲಿಸಿದ್ದಾರಪ್ಪ ಎಂದುಕೊಂಡೆ. ಅವರೆಲ್ಲ ಊಟಕ್ಕೆ ಕೂತಾಗ ಕಟ್ಟೆಯ ಮೇಲಿನ ಬೂಟನ್ನು ಆಡು ಮೂಸುತ್ತಿದೆ ಎಂದು ಆಯಿ ಕೂಗಿದಳು. ಎತ್ತಿಡಲು ಹೋದವಳಿಗೆ ಉತ್ತರ ಸಿಕ್ಕಿತು. ಆ ಬೂಟಿನ ಹಿಮ್ಮಡಿ ನಮ್ಮ ಉಪ್ಪಿನ ಡಬ್ಬಿಯಷ್ಟು ಎತ್ತರ ಇತ್ತು.

ನಮ್ಮ ಅಡುಗೆಮನೆಯ ಬಾಗಿಲು ಗಿಡ್ಡದು. ಅಣ್ಣ ಅದಕ್ಕೆ ಹಣೆ ಬಡಿಸಿಕೊಳ್ಳದ ದಿನವಿಲ್ಲ. ಗಂಡು ಕೈ ತೊಳೆಯಲು ಹಿತ್ತಲಿಗೆ ಹೊರಟಾಗ ಬರಿಗಾಲಲ್ಲಿ, ತಲೆ ಬಗ್ಗಿಸದೆ, ಆ ಬಾಗಿಲನ್ನು ಸಲೀಸಾಗಿ ದಾಟಿಹೋದರು. ನನಗೆ ಬೇಸರವಾಯಿತೇ ಎಂದು ಕೇಳುತ್ತೀರೇನೋ. ಇಲ್ಲ. ಒಬ್ಬರ ಹಣೆಗಾದರೂ ಅರಿಶಿನ ಹಚ್ಚುವ ಕೆಲಸ ತಪ್ಪಿತು ಎನ್ನಿಸಿತು. ಹೊರಗೆ ಅವರನ್ನು ಕಂಡವರೆಲ್ಲ ಬೂಟಿನ ಮೇಲೆ ಕಂಡವರು. ನಿಜವಾದ ಎತ್ತರ ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಾಗಿತ್ತು. ಅದನ್ನು ಮರೆತೂ ಬಿಡುತ್ತಿದ್ದೆ, ನಡುವೆ ಗಾಡಿ ಬಾರದಿದ್ದರೆ.

ಅಳಿಯನಿಗೆ ಮೋಟರ್‌ಸೈಕಲ್ ಕೊಡಿಸುವ ಮಾತಾಗಿತ್ತು. ಅದನ್ನು ವರದಕ್ಷಿಣೆ ಎಂದು ಯಾರೂ ಕರೆಯುತ್ತಿರಲಿಲ್ಲ, "ಪ್ರೀತಿಲೆ ಕೊಡೋದು" ಎನ್ನುತ್ತಿದ್ದರು. ಗೆಳೆಯರ ಸಣ್ಣ ಗಾಡಿಯಲ್ಲಿ ನಾಲ್ಕು ಸುತ್ತು ಹೊಡೆದದ್ದೇ ಗಂಡಿನ ಅನುಭವ. ಆದರೆ ಮನಸ್ಸು ಹೋಗಿದ್ದು ಗಂಗಾವತಿಯ ಅಂಗಡಿಯಲ್ಲಿದ್ದ, ಊರ ತುಂಬ ಸದ್ದು ಮಾಡುವ ಎತ್ತರದ ಓಟದ ಗಾಡಿಯ ಮೇಲೆ. ಅಣ್ಣನಿಗೂ ಅದೇ ಸರಿ ಎನ್ನಿಸಿತು, ಅದಕ್ಕೊಂದು ಆಧಾರವೂ ಸಿಕ್ಕಿತು. ಮದುಮಗನ ಸೂಟು ಹೊಲಿಸುವುದು ಹೆಣ್ಣಿನ ಕಡೆಯವರ ಕೆಲಸವಲ್ಲವೇ? ಅಳತೆ ತೆಗೆದುಕೊಂಡಿದ್ದ ಕೊಪ್ಪಳದ ದರ್ಜಿ ರಾಜಾಸಾಬರನ್ನು ಅಣ್ಣ ಕೇಳಿದನಂತೆ, "ನಮ್ಮ ಅಳಿಯಂದಿರ ಕಾಲು ಹೆಂಗದಾವ್ರಿ?"

"ಏನ್ ಕೇಳ್ತೀರಿ ಗೌಡ್ರ, ಮಸ್ತ್ ಉದ್ದ ಅದಾವ. ಇಂಥಾ ಪ್ಯಾಂಟ್ ಈ ವರ್ಷ ನಾ ಹೊಲದೇ ಇಲ್ಲ!"

ಅಣ್ಣ ಖುಷಿಯಿಂದ ಬಂದು ಇದನ್ನು ಹೇಳಿದಾಗ ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ಬಡಿಯುವುದನ್ನೇ ಮರೆತು ನಿಂತಿತು. ಯಾಕೆಂದರೆ ಅದೇ ವರ್ಷ ನಮ್ಮೂರ ಸಾಲಿಯ ಮಾಸ್ತರರು ಗಾಡಿಯಿಂದ ಬಿದ್ದಿದ್ದರು. ಓಡುವಾಗ ಬಿದ್ದದ್ದಲ್ಲ, ನಿಂತಾಗ. ಯಾರೋ ಮಾತನಾಡಿಸಿದರೆಂದು ನಿಲ್ಲಿಸಿದರು, ಒಂದು ಕಾಲು ನೆಲಕ್ಕೆ ಸಿಗಲಿಲ್ಲ, ಗಾಡಿ ವಾಲಿತು. ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತಿದ್ದ ಅವರ ಹೆಂಡತಿ ಕೆಳಗೆ ಸಿಕ್ಕರು. ಆ ತಾಯಿ ಕುಂಟುತ್ತ ನೀರಿಗೆ ಬರುವುದನ್ನು ನಾನು ದಿನಾ ನೋಡುತ್ತಿದ್ದೆ. ಇನ್ನು ಆ ಬದಿಗೆ ಕಾಲು ಇಳಿಬಿಟ್ಟು ಕೂರಬೇಕಾದವಳು ನಾನು.

"ಅಣ್ಣಾ, ಆ ಎತ್ತರದ ಗಾಡಿ ಬ್ಯಾಡ. ಅವರ ಕಾಲು ನೆಲಕ್ಕ ಮುಟ್ಟಂಗಿಲ್ಲ" ಎಂದೆ.

"ಟೇಲರ್ ಅಳದಾನ."

"ಟೇಲರ್ ಬೂಟ್ ಅಳದಾನ."

ಅಣ್ಣ ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. "ಹುಚ್ಚಿ, ಈ ಮಾತು ಅವರ ಕಿವಿಗೆ ಬಿತ್ತಂದ್ರ ಏನಾಕೈತಿ ಗೊತ್ತೈತೇನು? ನಮ್ಮ ಹುಡುಗನ್ನ ಗಿಡ್ಡ ಅಂದ್ಲು ಅಂತ ಲಗ್ನಾನ ಮುರೀತಾರ. ಸುಮ್ಕಿರು."

ಸುಮ್ಮನಿದ್ದೆ. ಸುಮ್ಮನಿದ್ದವಳಿಗೆ ನಿದ್ದೆ ಬರಬೇಕಲ್ಲ? ಬೇಳೆ ಆರಿಸುವಾಗ ಗಾಡಿ ವಾಲುತ್ತಿತ್ತು, ಖಾರ ಕುಟ್ಟುವಾಗ ವಾಲುತ್ತಿತ್ತು. ಹೇಳಿದರೆ ಲಗ್ನ ಹೋಗುತ್ತದೆ, ಹೇಳದಿದ್ದರೆ ಕಾಲು ಹೋಗುತ್ತದೆ. ಕೊನೆಗೆ ಆಯಿಗೆ ಹೇಳಿದೆ. ಅವಳು ಮೊದಲು ಬೊಚ್ಚುಬಾಯಿ ತೆರೆದು ನಕ್ಕಳು, ಆಮೇಲೆ ನನ್ನ ಕಾಲನ್ನೊಮ್ಮೆ ಸವರಿದಳು.

ಮದುವೆಯ ಬಟ್ಟೆ ತರಲು ಎರಡೂ ಕಡೆಯವರು ಗಂಗಾವತಿಗೆ ಹೋದೆವು. ಸೀರೆಯಂಗಡಿಯಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂತಿದ್ದರು. ಗಾದಿಯ ಮೇಲೆ ಕೂತವರೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರ. ನನ್ನ ಕಣ್ಣು ಬಾಗಿಲಲ್ಲಿದ್ದ ಆ ಬೂಟುಗಳ ಮೇಲೆ ಇತ್ತು. ತೋರಿಸಿದ ಸೀರೆಗೆಲ್ಲ "ಹೂಂ" ಎಂದೆ. ಹಾಗಾಗಿ ನನ್ನ ಮದುವೆಯ ಸೀರೆ ಇವತ್ತಿಗೂ ಯಾರೂ ಮೆಚ್ಚದ ಸುಟ್ಟ ಬದನೆಕಾಯಿ ಬಣ್ಣದ್ದು.

ಅಲ್ಲಿಂದ ಗಾಡಿಯಂಗಡಿ. ಎರಡು ಗಾಡಿ ಹೊರಗೆ ನಿಂತಿದ್ದವು. ಒಂದು ಆ ಎತ್ತರದ್ದು, ಮಿರಿಮಿರಿ ಮಿಂಚುತ್ತಿತ್ತು. ಪಕ್ಕದ್ದು ತಗ್ಗಿನದು, ಬೂದು ಬಣ್ಣದ ಸಾಧು ಎಮ್ಮೆಯಂಥದ್ದು. ಗಂಡಿನ ಕಾಕಾ ಎತ್ತರದ್ದರ ಸೀಟು ತಟ್ಟಿ "ಹತ್ತಲೇ, ಹುಲಿ ಹಂಗ ಕಾಣ್ತಿ!" ಎಂದರು. ಇವರು ಬೂಟಿನ ಕಾಲು ಎತ್ತಿದರು.

"ಬೂಟ್ ಕಳದು ಹತ್ತಬೇಕ್ರಿ."

ಯಾರಪ್ಪ ಹೀಗಂದವರು ಎಂದು ನೋಡಿದರೆ ನಾನೇ. ಎಲ್ಲರೂ ತಿರುಗಿದರು. ಅಣ್ಣನ ಮುಖ ಸುಣ್ಣವಾಯಿತು. ಇನ್ನು ಹಿಂದೆ ಸರಿಯಲು ದಾರಿ ಇರಲಿಲ್ಲ. "ನಮ್ಮ ಕಡೆ ಪದ್ಧತಿ ಐತ್ರಿ. ಹೊಸಾ ಗಾಡಿ ಮೊದಲ ಬರಿಗಾಲಿಲೆ ಹತ್ತಬೇಕು" ಎಂದೆ.

ನಮ್ಮ ಮನೆಯಲ್ಲಿ ಅಲ್ಲಿಯ ತನಕ ಇದ್ದ ಗಾಡಿ ಎಂದರೆ ಎತ್ತಿನ ಬಂಡಿ ಮತ್ತು ಅಣ್ಣನ ಸೈಕಲ್ಲು.

"ಇದ್ಯಾವ ಪದ್ಧತಿ ನಮ್ಮವ್ವಾ? ನಾವೇನ್ ಕೇಳಿಲ್ಲಪಾ" ಎಂದರು ಕಾಕಾ.

"ನೀವು ಕೇಳಿರಂಗಿಲ್ಲ ಬಿಡ್ರಿ" ಎಂದಳು ಆಯಿ, ಎಲೆ ಅಡಿಕೆಯ ಚೀಲ ಬಿಚ್ಚುತ್ತ. "ನಮ್ಮತ್ತಿ ಕಾಲದಿಂದ ಐತಿ. ಲಕ್ಷ್ಮಿ ಮ್ಯಾಲೆ ಯಾರರ ಬೂಟ್ ಹಾಕ್ಕೊಂಡು ಕುಂದ್ರತಾರೇನು?"

ಆಯಿಯ ಅತ್ತೆಯ ಕಾಲದಲ್ಲಿ ತಳಕಲ್ಲಿಗೆ ಯಾವ ಮೋಟರ್‌ಸೈಕಲ್ ಬಂದಿತ್ತು ಎಂದು ಅಲ್ಲಿ ಯಾರಿಗೂ ಕೇಳಲು ತೋಚಲಿಲ್ಲ. ಇವರು ಕೂತು ಬೂಟು ಬಿಚ್ಚಿದರು. ಪ್ಯಾಂಟಿನ ಅಂಚು ಎರಡು ಸುತ್ತು ಮಡಿಚಿಕೊಂಡರು. ಹತ್ತಿದರು. ಅಂಗಡಿಯವನು ಕೈ ಬಿಟ್ಟ.

ಬಾವಿಯಲ್ಲಿ ಇಳಿಯುವವರು ನೀರಿನೊಳಗೆ ಮೆಟ್ಟಿಲು ಹುಡುಕುವಂತೆ ಅವರ ಹೆಬ್ಬೆರಳು ಗಾಳಿಯಲ್ಲಿ ನೆಲ ಹುಡುಕಿತು. ಗಾಡಿ ಎಡಕ್ಕೆ ವಾಲಿತು. ಎಡಕ್ಕೆ, ಅಂದರೆ ಹೆಂಗಸರು ಕಾಲು ಬಿಡುವ ಕಡೆಗೆ. ಅಣ್ಣ ಮತ್ತು ಅಂಗಡಿಯವನು ಹಾರಿ ಹಿಡಿದರು. ಇವರ ಕಿವಿಗಳು ಕೆಂಪಾಗಿದ್ದವು. ಈಗ ಎದ್ದು ನೆಟ್ಟಗೆ ಬಸ್‌ ನಿಲ್ದಾಣಕ್ಕೆ ನಡೆಯುತ್ತಾರೆ, ಹಿಂದೆಯೇ ಕಾಕಾ ಹೋಗುತ್ತಾರೆ, ಆ ಬದನೆಕಾಯಿ ಸೀರೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ ಎಂದು ನಾನು ಸೆರಗಿನ ತುದಿ ಕಚ್ಚಿ ನಿಂತೆ.

ಅವರು ಇಳಿದರು. ಬರಿಗಾಲಲ್ಲೇ ಬೂದು ಗಾಡಿಯ ಹತ್ತಿರ ಹೋಗಿ ಕೂತರು. "ಇದು ಇರ್ಲಿ" ಎಂದರು.

"ಅದು ಮುದುಕರ ಗಾಡಿ ಅಲ್ಲೋ! ಕುಷ್ಟಗಿ ಮಂದಿ ನಗತಾರ" ಎಂದು ಕಾಕಾ ಕೂಗಾಡಿದರು.

"ನಗ್ಲಿ ಬಿಡು ಕಾಕಾ. ನಾ ಏನ್ ರೇಸಿಗೆ ಹೋಗಬೇಕಾಗೈತಿ?" ಎಂದರು, ನನ್ನ ಕಡೆಗೆ ನೋಡದೆ.

ಆ ನೋಡದಿದ್ದದ್ದೇ ನನ್ನನ್ನು ಮದುವೆಯ ತನಕ ತಿಂದಿತು. ಕುಷ್ಟಗಿಯ ಕಡೆಯಿಂದ ಯಾರಾದರೂ ಬಂದರೆ ಮಾತು ಮುರಿಯಲೆಂದೇ ಬಂದರೇನೋ ಎಂದು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಮುರಿಯಲಿಲ್ಲ, ಮದುವೆಯಾಯಿತು. ಆದರೂ ಹೆದರಿಕೆ ಹೋಗಲಿಲ್ಲ, ಬರೀ ರೂಪ ಬದಲಿಸಿತು. ಇವರಿಗೆ ನನ್ನ ಹುನ್ನಾರ ತಿಳಿದಿದೆಯೇ? ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆಯೇ? ಚಹಾ ಕೊಡುವಾಗ ಮುಖ ನೋಡುತ್ತಿದ್ದೆ, ಏನೂ ಓದಲು ಬರುತ್ತಿರಲಿಲ್ಲ.

ಮೊದಲ ಸಲ ತವರಿಗೆ ಹೊರಟೆವು. ಯಲಬುರ್ಗಾದ ದಾರಿಯಲ್ಲಿ ಕುರಿಯ ಹಿಂಡು ಅಡ್ಡ ಬಂತು. ಗಾಡಿ ನಿಂತಿತು. ನಾನು ಸೀಟಿನ ಕಬ್ಬಿಣ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಕುರಿಗಳ ಸದ್ದಿನ ನಡುವೆ ಮುಂದಿನಿಂದ ದನಿ ಬಂತು.

"ಎರಡೂ ಕಾಲು ನೆಲಕ್ಕ ಮುಟ್ಯಾವ, ನೋಡು."

ಬಗ್ಗಿ ನೋಡಿದೆ. ಸಾದಾ ಚಪ್ಪಲಿಯ ಎರಡು ಪಾದಗಳು ಮಣ್ಣಿನ ಮೇಲೆ ಗಟ್ಟಿಯಾಗಿ ಊರಿದ್ದವು. "ಹೂಂನ್ರಿ" ಎಂದೆ. ಕಬ್ಬಿಣ ಬಿಟ್ಟು ಅವರ ಹೆಗಲು ಹಿಡಿದುಕೊಂಡೆ. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ನಾನೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಗಂಡನ ಹೆಸರನ್ನೇ ಹೇಳದವಳು ಅವರ ಎತ್ತರ ಹೇಳುತ್ತೇನೆಯೇ?

ಮೊನ್ನೆ ಶರಣು ಚಹಾ ಕುಡಿಯುತ್ತ ಸಿಟ್ಟು ತೋಡಿಕೊಂಡ. "ಅತ್ತಿ, ಅಂಗಡ್ಯಾಗ ಅಪ್ಪ ಎಲ್ಲಾರ ಮುಂದ ನನ್ನ ಬೂಟ್ ಬಿಚ್ಚಿಸಿದ ನೋಡು. ನಮ್ಮ ಮನಿ ಪದ್ಧತಿಯಂತ, ಹಿರೇರ ಕಾಲದಿಂದ ಐತಂತ. ಏನ್ ನಾಚಿಕಿ ಆತು!"

"ಹತ್ತಿದಿ ಹೌದಿಲ್ಲೋ?"

"ಹತ್ತಿದೆ, ಕೈ ಮುಗದೆ, ಇಳದೆ. ಬೂಟ್ ಹಾಕ್ಕೊಂಡೆ, ಮುಗೀತು."

"ಬರಿಗಾಲು ನೆಲಕ್ಕ ಮುಟ್ಟಿದ್ವಾ?"

"ಅದನ್ನ ಯಾರ್ ನೋಡ್ತಾರ ಅತ್ತಿ? ಬೆರಳು ಮುಟ್ಟಿರಬೇಕು" ಎಂದು ನಕ್ಕ.

ಅಣ್ಣ ನನ್ನ ಸುಳ್ಳನ್ನು ಇಷ್ಟು ವರ್ಷ ಶ್ರದ್ಧೆಯಿಂದ ಪಾಲಿಸಿಕೊಂಡು ಬಂದಿದ್ದ. ಭಾವನ ಮರ್ಯಾದೆಗೆಂದು ಕಾರಣ ಮಾತ್ರ ಹೇಳಿರಲಿಲ್ಲ. ಹುಡುಗ ಬೂಟು ಬಿಚ್ಚಿದ್ದಾನೆ, ಕೈ ಮುಗಿದಿದ್ದಾನೆ, ಕಾಲನ್ನು ನೋಡಿಕೊಂಡಿಲ್ಲ. ಈಗ ಕಾರಣ ಹೇಳಬೇಕೆಂದರೆ ಆ ಬೂಟಿನ ಸುದ್ದಿ ತೆಗೆಯಬೇಕು. ತೆಗೆಯದಿದ್ದರೆ ಇವನು ತುದಿಬೆರಳಿನ ಮೇಲೆ ತಳಕಲ್ಲಿನ ತನಕ ಹೋಗಬೇಕು. ಇವರು ಪೇಪರ್ ಓದುತ್ತ ಕೂತಿದ್ದ ಒಳಕೋಣೆಯ ಕಡೆಗೊಮ್ಮೆ ನೋಡಿದೆ.

ಒಳಗೆ ಪೇಪರಿನ ಸದ್ದು ನಿಂತಿತು.

"ಆ ಹುಡುಗನ್ನ ಕುಂದ್ರಿಸ್ಕೊ" ಎಂದರು ಇವರು, ಕೂತಲ್ಲಿಂದಲೇ. "ನನ್ನ ಬೂಟಿನ ಕತಿ ಹೇಳಿಬಿಡು ಅವಗ."

ನಾನು ಶರಣುವಿನ ಕೈಯಿಂದ ಗಾಡಿಯ ಕೀಲಿಯನ್ನು ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಆಮೇಲೆ ಹೇಳಲು ಶುರು ಮಾಡಿದೆ.