ನನ್ನ ಡ್ರಾಪ್ಸು, ಊರವರ ಕಣ್ಣು

ಪಕ್ಕದ ಮನೆಯವರು ಮೊಸರಿಗೆ ಹೆಪ್ಪು ಕೇಳಿದರೆ ಕೊಡಬಹುದು. ಕಣ್ಣಿನ ಡ್ರಾಪ್ಸ್ ಕೇಳಿದರೆ?

ನಮ್ಮ ಅತ್ತಿಗೆ ಅದನ್ನೂ ಕೊಟ್ಟರು.

ನನ್ನ ಎಡಗಣ್ಣಿನ ಗೋಳು ನಿಮಗೆ ಗೊತ್ತೇ ಇದೆ (ಸಿಕ್ಕವರಿಗೆಲ್ಲ ಹೇಳಿದ್ದೇನೆ). ಕಣ್ಣಿನ ಒಳಗೇ ಉರಿಯೂತ. ಬೆಳಕು ಕಂಡರೆ ಚುಚ್ಚಿದ ಹಾಗೆ. ದಾವಣಗೆರೆಯ ಡಾಕ್ಟರು ಸ್ಟೀರಾಯ್ಡ್ ಡ್ರಾಪ್ಸ್ ಬರೆದುಕೊಟ್ಟು, ಕೆಂಪು ಹೋಯಿತೆಂದು ತಟ್ಟನೆ ನಿಲ್ಲಿಸಬೇಡಿ, ನಾನು ಹೇಳಿದ ಹಾಗೆ ನಿಧಾನವಾಗಿ ಕಡಿಮೆ ಮಾಡಿ ಎಂದಿದ್ದರು. ಕೆಲವೇ ದಿನಗಳಲ್ಲಿ ಕಣ್ಣು ಬೆಳ್ಳಗಾಯಿತು. ಅಷ್ಟೇ ನೋಡಿ, ಚನ್ನಗಿರಿಯ ನಮ್ಮ ಬೀದಿಯಲ್ಲಿ ಆ ಔಷಧಿಗೆ ನನಗಿಂತ ಹೆಚ್ಚು ಹೆಸರು ಬಂತು.

ಮೊದಲ ಬಾಟಲಿ ಮುಗಿಯಿತು. ಎರಡನೆಯದಕ್ಕೆ ಕಪಾಟು ತೆಗೆದರೆ ಇಲ್ಲ! ಮನೆಯೆಲ್ಲ ಜಾಲಾಡಿದ ಮೇಲೆ ಅತ್ತಿಗೆ ಬಾಯಿಬಿಟ್ಟರು. ಪಕ್ಕದ ಮನೆಯ ಗಂಗಕ್ಕನಿಗೆ ಮೂರು ವಾರದ ಹಿಂದೆ ಅಡಿಕೆ ಸುಲಿಯುವಾಗ ಸಿಪ್ಪೆಯ ಚೂರು ಕಣ್ಣಿಗೆ ಸಿಡಿದಿತ್ತಂತೆ.

"ನಿಂದು ವಾಸಿ ಆಗೈತಲ್ಲ, ಇನ್ಯಾಕೆ? ಪಾಪ, ಅವರಿಗಾದ್ರೂ ಆಗ್ಲಿ ಅಂತ ಕೊಟ್ಟೆ."

ಓಡಿದೆ. ಮೊದಮೊದಲು ಕೆಂಪು ಇಳಿಯಿತು, ಅದಕ್ಕೇ ಬಿಡದೆ ಹಾಕಿಕೊಂಡೆ ಎಂದರು ಗಂಗಕ್ಕ. ಈಗ ಕಣ್ಣು ಬಿಡಲಾಗುತ್ತಿಲ್ಲ. ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ.

ಸಿಕ್ಕ ಬಸ್ಸು ಹತ್ತಿ ಅದೇ ಡಾಕ್ಟರ ಬಳಿ ಕರೆದೊಯ್ದೆ. ಸಿಪ್ಪೆಯ ಗಾಯಕ್ಕೆ ಫಂಗಸ್ ಹತ್ತಿದೆ ಎಂದರು. ಸ್ಟೀರಾಯ್ಡ್ ಮೇಲಿನ ಕೆಂಪನ್ನು ಅಡಗಿಸಿ, ಒಳಗಿನ ಫಂಗಸ್ಸಿಗೆ ಬೆಳೆಯಲು ಬಿಟ್ಟಿದೆ. ದೃಷ್ಟಿ ಎಷ್ಟು ಉಳಿಯುತ್ತದೋ ಈಗಲೇ ಹೇಳಲಾಗದಂತೆ. ಬೈಸಿಕೊಂಡವಳು ನಾನು (ಬಾಟಲಿ ನನ್ನದಲ್ಲವೇ).

ನಮ್ಮ ಕಡೆ ನಿಮಗೆ ಏನು ಕಾಯಿಲೆ ಎಂದು ಯಾರೂ ಕೇಳುವುದಿಲ್ಲ. ಯಾವುದರಲ್ಲಿ ವಾಸಿಯಾಯಿತು ಎಂದಷ್ಟೇ ಕೇಳುತ್ತಾರೆ. ಕೆಂಪಾದ ಕಣ್ಣಿಗೆಲ್ಲ ಒಂದೇ ಕಾಯಿಲೆಯೇ? ಹೇಳಿ ಹೇಳಿ ನನಗೆ ಸಾಕಾಗಿದೆ.

ವಾರ್ಡಿನ ಹೊರಗೆ ಕೂತಾಗ, ಆ ಬಾಟಲಿ ಎಲ್ಲಿ, ಬಿಸಾಕಬೇಕು ಎಂದೆ.

"ಬಿಸಾಕಾಕೆ ಯಾಕ್ರೀ?" ಗಂಗಕ್ಕ ಇನ್ನೊಂದು ಕಣ್ಣಲ್ಲಿ ನನ್ನನ್ನು ನೋಡಿದರು. "ಹೊನ್ನಾಳಿಯಿಂದ ನಮ್ಮ ತಂಗಿ ಬಂದಿದ್ಲು. ಅವಳ ಮಗಳ ಕಣ್ಣೂ ಕೆಂಪಗೈತಂತೆ. ಕೊಟ್ಟು ಕಳ್ಸಿದೀನಿ."

ಅಲ್ಲಿಂದಲೇ ಹೊನ್ನಾಳಿಗೆ ಫೋನ್ ಮಾಡಿದೆ. ಮಗಳ ಕಣ್ಣು ತಾನಾಗಿಯೇ ವಾಸಿಯಾಗಿದೆಯಂತೆ. ಬಾಟಲಿ ಸುಮ್ಮನೆ ಯಾಕೆ ಎಂದು ನ್ಯಾಮತಿಯ ಬೀಗರ ಕೈಗೆ ಕೊಟ್ಟರಂತೆ. ಬೀಗರಿಗೂ ಫೋನ್ ಮಾಡಿದೆ. ಅದನ್ನು ತಮ್ಮ ಬೀದಿಯಲ್ಲಿ ಯಾರಿಗೋ ಕೊಟ್ಟಿದ್ದಾರಂತೆ, ಯಾರಿಗೆಂದು ನೆನಪಿಲ್ಲವಂತೆ.

ನ್ಯಾಮತಿಯವರೇ, ಆ ಬಾಟಲಿ ಈಗ ನಿಮ್ಮಲ್ಲಿ ಯಾರ ಕೈಯಲ್ಲಿದೆ?